ಕೋಣೆ ಇದೆ, ಬರುವವರಿಲ್ಲ: ಕಾಲೇಜಿನ ಆಪ್ತಸಮಾಲೋಚನೆ ಕುರಿತು ಓದುಗರ ಪ್ರಶ್ನೆಗಳು

ಕಾಲೇಜುಗಳ ಆಪ್ತಸಮಾಲೋಚನೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಿವೆ: ಕೋಣೆಯೇನೋ ಇದೆ, ಅದರಲ್ಲಿ ನನ್ನಂಥವರಿಗೆ ಜಾಗ ಇದೆಯೇ? ಎಂಟು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜು. 800 ವಿದ್ಯಾರ್ಥಿಗಳಿದ್ದಾರೆ. ಆಪ್ತಸಮಾಲೋಚನೆಗೆ ಕೋಣೆ ಮಾಡಿ, ಪ್ರತಿ ಬುಧವಾರ ಒಬ್ಬ ಸಮಾಲೋಚಕಿಯನ್ನು ಕರೆಸುತ್ತೇವೆ. ಬರುವವರು ನಾಲ್ಕೈದು ಮಂದಿ, ಅವರೂ ಪೇಟೆಯ ಮಕ್ಕಳೇ. ಹಾಸ್ಟೆಲಿನವರು, ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ಅತ್ತ ತಲೆ ಹಾಕುವುದಿಲ್ಲ. ಅವರಿಗೆ ಸಮಸ್ಯೆ ಇಲ್ಲವೆಂದುಕೊಳ್ಳೋಣವೇ?
— ಒಬ್ಬ ಪ್ರಾಂಶುಪಾಲರು

ಉತ್ತರ: ಹಾಗೆ ಅಂದುಕೊಳ್ಳುವ ಮೊದಲು ಕೋಣೆ ಎಲ್ಲಿದೆ ಎಂದು ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ. ಸಾಮಾನ್ಯವಾಗಿ ಖಾಲಿ ಬಿದ್ದ ಕೋಣೆಯನ್ನೇ ಇದಕ್ಕೆ ಕೊಟ್ಟಿರುತ್ತಾರೆ. ಅದು ನಿಮ್ಮ ಚೇಂಬರಿನ ಪಕ್ಕದಲ್ಲೋ, ಸ್ಟಾಫ್ ರೂಮಿನ ಎದುರಿಗೋ, ಫೀಸು ಕಟ್ಟುವ ಕೌಂಟರಿಗೆ ನೇರವಾಗಿ ಕಾಣುವಂತೆಯೋ ಇರುತ್ತದೆ. ಆ ಕೌಂಟರಿನಲ್ಲಿ ಕೂತ ಗುಮಾಸ್ತರು ಹುಡುಗಿಯ ಊರಿನವರೇ ಆಗಿದ್ದರೆ, ಅವಳು ಬಾಗಿಲು ತಟ್ಟಿದ ಸುದ್ದಿ ಅವಳಿಗಿಂತ ಮೊದಲು ಮನೆ ಸೇರುತ್ತದೆ. ಪೇಟೆಯ ಹುಡುಗನಿಗೆ ಈ ಅಂಜಿಕೆ ಕಡಿಮೆ. ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ಒಂದು ಕೋಣೆ ಸಿಕ್ಕರೆ ಅದೇ ಸರಿಯಾದ ಜಾಗ. ಎಲ್ಲರೂ ಓಡಾಡುವ ದಾರಿಯಲ್ಲಿ ಯಾರು ಯಾವುದಕ್ಕೆ ಬಂದರೆಂದು ಹೇಳಲಾಗದು. ನೆಲಮಹಡಿಯಲ್ಲೇ ಇರಲಿ. ಬಾಗಿಲ ಗಾಜಿಗೆ ಕಾಗದ ಅಂಟಿಸಿ. ಒಳಗಿನ ಮಾತು ಹೊರಗೆ ಕೇಳುತ್ತದೆಯೇ ಎಂದು ಒಬ್ಬರನ್ನು ಒಳಗೆ ಕೂರಿಸಿ ಮಾತಾಡಿಸಿ ಪರೀಕ್ಷಿಸಿ. ಕೇಳಿಸಿದರೆ ಹೊರಗಡೆ ಒಂದು ಟೇಬಲ್ ಫ್ಯಾನ್ ತಿರುಗುತ್ತಿರಲಿ, ಅದರ ಸದ್ದೇ ಸಾಕಷ್ಟು ಮರೆ ಕೊಡುತ್ತದೆ.

ಎರಡನೆಯದು ವೇಳೆ. ತರಗತಿ ತಪ್ಪಬಾರದೆಂದು ಬಹಳ ಕಾಲೇಜುಗಳು ಸಂಜೆ 3ರಿಂದ 5ರವರೆಗೆ ಇಡುತ್ತವೆ. ಹಳ್ಳಿಯ ಬಸ್ಸು 4ಕ್ಕೆ ಹೊರಟರೆ ಅಲ್ಲಿಗೆ ಮುಗಿಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಉಳಿಯಿತು, ಬಸ್ಸಿನ ವೇಳೆಯೇನೂ ಬದಲಾಗಲಿಲ್ಲ. ಸಮಾಲೋಚಕಿ ಬೆಳಿಗ್ಗೆ 9.30ಕ್ಕೆ ಬಂದು ಮಧ್ಯಾಹ್ನದ ಊಟದ ಬಿಡುವಿನಲ್ಲೂ ಕೂರಲಿ, ತಮ್ಮ ಊಟವನ್ನು ಮುಂಚೆಯೋ ಆಮೇಲೋ ಮಾಡಲಿ. ಬಂದವರಿಗೆ ಹಾಜರಾತಿ ಹೋಗದಂತೆ ಒಂದು ಸಾಮಾನ್ಯ ಚೀಟಿ ಕೊಡಿ. ಅದರ ಮೇಲೆ 'ಕಚೇರಿ ಕೆಲಸ' ಎಂದಷ್ಟೇ ಇರಲಿ.

ಈಗ ಲೆಕ್ಕ. ದಿನಕ್ಕೆ ಆರು ಗಂಟೆ. ಒಂದು ಕೂರುವಿಕೆಗೆ 45 ನಿಮಿಷ, ಟಿಪ್ಪಣಿ ಬರೆಯಲು 15 ನಿಮಿಷ. ಒಂದು ಗಂಟೆ ವಿರಾಮ ಕಳೆದರೆ ದಿನಕ್ಕೆ ಐದು ಮಂದಿ. 16 ವಾರದ ಸೆಮಿಸ್ಟರಿಗೆ 80 ಕೂರುವಿಕೆ. ಒಬ್ಬರಿಗೆ ನಾಲ್ಕು ಸಲವಾದರೂ ಬೇಕೆಂದರೆ ಒಟ್ಟು 20 ವಿದ್ಯಾರ್ಥಿಗಳು. 800ರಲ್ಲಿ 20! ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮವಿದ್ದರೆ ಕೇಳಲು ಬರುವವರೇ ಆ ಇಪ್ಪತ್ತೂ ಜಾಗ ತುಂಬುತ್ತಾರೆ. ಆದ್ದರಿಂದ ದಿನದ ಐದರಲ್ಲಿ ಒಂದನ್ನು ಯಾರಿಗೂ ಮುಂಗಡವಾಗಿ ಕೊಡದೆ, ಅಂದೇ ಬಂದವರಿಗೆ ಮೀಸಲಿಡಿ. ಧೈರ್ಯ ಮಾಡಿ ಬಂದವಳಿಗೆ 'ಮುಂದಿನ ಬುಧವಾರ ಬಾ' ಎಂದರೆ ಅವಳು ಬರುವುದಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಅಂಚಿನ ಸಮುದಾಯಗಳ ವಿದ್ಯಾರ್ಥಿಗಳೊಡನೆ ಹೇಗೆ ನಡೆದುಕೊಳ್ಳಬೇಕೆಂದು ಸಿಬ್ಬಂದಿಗೆ ತರಬೇತಿ ಕೊಡುವುದೂ ಅದೇ ಆದೇಶದಲ್ಲಿದೆ. ನಿಮ್ಮ ಬುಧವಾರದ ಏರ್ಪಾಡು ಕಾಗದದ ಮೇಲೆ ಸರಿಹೋಗಬಹುದು, ಮೇಲಿನ ಲೆಕ್ಕಕ್ಕೆ ಸರಿಹೋಗುವುದಿಲ್ಲ.

ಇನ್ನು ರಿಜಿಸ್ಟರು. ಪ್ರವೇಶದ ಅರ್ಜಿಯ ಕಾಲಂಗಳನ್ನೇ ನಕಲು ಮಾಡಿ ಹೆಸರು, ತರಗತಿ, ಜಾತಿ, ತಂದೆಯ ಫೋನ್ ನಂಬರ್, ಬಂದ ಕಾರಣ ಎಂದು ಗೆರೆ ಎಳೆದ ಪುಸ್ತಕವನ್ನು ಬಾಗಿಲಲ್ಲೇ ಇಡುವ ಪದ್ಧತಿ ಇದೆ. ಮುಂದಿನವರು ಹಿಂದಿನವರದನ್ನು ಓದಿಕೊಂಡೇ ಸಹಿ ಹಾಕುತ್ತಾರೆ. ಆ ಪುಸ್ತಕವನ್ನು ಇವತ್ತೇ ತೆಗೆಯಿರಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿ ಸಮಾಲೋಚಕಿಯ ಬೀಗದಲ್ಲಿರಲಿ. ನಿಮಗೂ ಅದು ಕಾಣಬಾರದು. ಸೆಮಿಸ್ಟರ್ ಕೊನೆಗೆ ಅವರು ಒಟ್ಟು ಲೆಕ್ಕ ಮಾತ್ರ ಕೊಡಲಿ: ಹಾಸ್ಟೆಲಿನವರೆಷ್ಟು, ಹುಡುಗಿಯರೆಷ್ಟು, ಕನ್ನಡ ಮಾಧ್ಯಮದಿಂದ ಬಂದವರೆಷ್ಟು, ಮೊದಲ ವರ್ಷದವರೆಷ್ಟು. ಕಾಲೇಜಿನಲ್ಲಿ ಹಾಸ್ಟೆಲಿನವರು ಮೂರರಲ್ಲೊಂದು ಪಾಲಿದ್ದು, ಕೋಣೆಗೆ ಬಂದವರಲ್ಲಿ ಹತ್ತರಲ್ಲೊಂದು ಪಾಲಿದ್ದರೆ ಎಲ್ಲಿ ತಡೆಯಾಗಿದೆ ಎಂದು ಗೊತ್ತಾಗುತ್ತದೆ. ಯಾವುದೇ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಅಂಕಿ ಬರೆಯದೆ 'ಐದಕ್ಕಿಂತ ಕಡಿಮೆ' ಎಂದಷ್ಟೇ ಬರೆಯಲಿ, ಇಲ್ಲವಾದರೆ ಯಾರೆಂದು ಊಹಿಸಿಬಿಡುತ್ತಾರೆ.

ಹಾಸ್ಟೆಲಿಗೆ ತಿಂಗಳಿಗೊಂದು ಸಂಜೆ ಸಮಾಲೋಚಕಿಯೇ ಹೋಗಲಿ. ವಾರ್ಡನ್ ಜೊತೆಗಿರುವುದು ಬೇಡ. 'ಮಾನಸಿಕ ಆರೋಗ್ಯ' ಎಂಬ ಬ್ಯಾನರ್ ಕಟ್ಟಬೇಡಿ. ನಿದ್ದೆ, ಪರೀಕ್ಷೆ, ಇಂಗ್ಲಿಷಿನಲ್ಲಿ ನೋಟ್ಸ್ ಮಾಡಿಕೊಳ್ಳುವ ಬಗೆ, ತಡವಾದ ವಿದ್ಯಾರ್ಥಿವೇತನ ಇವುಗಳ ಬಗ್ಗೆ ಅರ್ಧ ಗಂಟೆ ಮಾತಾಡಿ, ಇನ್ನರ್ಧ ಗಂಟೆ ಅಲ್ಲೇ ಸುಮ್ಮನೆ ಕೂತಿರಲಿ. ಕೇಳಬೇಕಾದವರು ಆ ಎರಡನೆಯ ಅರ್ಧ ಗಂಟೆಯಲ್ಲಿ ಬರುತ್ತಾರೆ.

ಪ್ರಶ್ನೆ: ನಾನು ಮನಃಶಾಸ್ತ್ರ ಉಪನ್ಯಾಸಕಿ, ಸಮಾಲೋಚನೆಯ ಹೊಣೆಯೂ ನನ್ನದೇ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯ ಕನ್ನಡ ರೂಪ ಕೊಟ್ಟರೆ ಕೆಲವರು ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿ ಕೊಡುತ್ತಾರೆ. ಮುಖ ನೋಡಿದರೆ ಹಾಗನ್ನಿಸುವುದಿಲ್ಲ.
— ಬೆಳಗಾವಿ ಕಡೆಯಿಂದ

ಉತ್ತರ: ತರಗತಿಯಲ್ಲಿ ಬೆಂಚಿನ ಮೇಲೆ ಕೂರಿಸಿ ತುಂಬಿಸಿದ್ದರೆ ಆ ಹಾಳೆಗಳನ್ನು ಪಕ್ಕಕ್ಕಿಡಿ. ಪಕ್ಕದವರ ಕಣ್ಣು ಹಾಳೆಯ ಮೇಲಿರುವಾಗ ಯಾರೂ ನಿಜ ಬರೆಯುವುದಿಲ್ಲ. ಇದು ಕಳೆದ ಎರಡು ವಾರಗಳ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಲ್ಲಿ ಕೇಳಿ. 'ಎರಡು ವಾರಗಳಲ್ಲಿ' ಎಂದರೆ ಲೆಕ್ಕ ಸಿಗುವುದಿಲ್ಲ, 'ಇಂಟರ್ನಲ್ಸ್ ಮುಗಿದ ಮೇಲೆ', 'ಹುಣ್ಣಿಮಿಂದ ಈಚೆಗೆ' ಎಂದರೆ ಸಿಗುತ್ತದೆ.

ಮಾತಿನ ತೊಡಕು ಇನ್ನೂ ದೊಡ್ಡದು. 'ಆಸಕ್ತಿ ಕಳೆದುಕೊಂಡಿದ್ದೀರಾ' ಎಂಬ ಪುಸ್ತಕದ ಕನ್ನಡಕ್ಕೆ ನಿಮ್ಮ ಕಡೆಯ ಹುಡುಗ 'ಇಲ್ರಿ' ಎನ್ನುತ್ತಾನೆ. ಅವನೇ ಎರಡು ನಿಮಿಷ ಬಿಟ್ಟು 'ಯಾಕೋ ಯಾವ್ದಕ್ಕೂ ಮನಸ್ಸ ಹತ್ತವಲ್ದು' ಎನ್ನುತ್ತಾನೆ. ಮೊದಲ ಪ್ರಶ್ನೆ ಕೇಳುತ್ತಿರುವುದು ಅದನ್ನೇ. ಕರಾವಳಿಯವರು 'ಉದಾಸೀನ ಆಗ್ತದೆ' ಎಂದರೆ ಮೈಯೇ ಏಳುತ್ತಿಲ್ಲ, ಏನೂ ಮಾಡಲು ಆಗುತ್ತಿಲ್ಲ ಎಂದರ್ಥ. ಅದನ್ನು ಓದಿನ ಬಗ್ಗೆ ಅಸಡ್ಡೆ ಎಂದುಕೊಂಡು ಬೈದು ಕಳಿಸಿದವರಿದ್ದಾರೆ. 'ಮಂಡೆಬಿಸಿ' ಚಿಂತೆ, ಸಿಟ್ಟಲ್ಲ. 'ಬೇಜಾರು' ಎಂಬುದಂತೂ ಒಂದೇ ಪದದಲ್ಲಿ ನಾಲ್ಕು ಸಂಗತಿ: ಹೊತ್ತು ಹೋಗದಿರುವುದು, ದುಃಖ, ಯಾರ ಮೇಲೋ ಮುನಿಸು, ಬದುಕೇ ಸಾಕೆನಿಸುವುದು. 'ಎಂಥಾ ಬ್ಯಾಸರ? ಯಾರ ಮ್ಯಾಲಾದ್ರೂ ಏನ್, ಸುಮ್ನ ಬರ್ತೈತಿ?' ಎಂದು ಬಿಡಿಸಿ ಕೇಳದೆ ಅಂಕ ಹಾಕಬಾರದು. ಹೆಣ್ಣುಮಕ್ಕಳು ಮನಸ್ಸಿನ ಮಾತನ್ನು ಹೆಚ್ಚಾಗಿ ಮೈಯ ಮೂಲಕ ಹೇಳುತ್ತಾರೆ: ತಲೆನೋವು, ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋಲು. ಅದನ್ನು ನೆಪವೆಂದುಕೊಳ್ಳಬೇಡಿ. ಮೊದಲು ಹಿಮೋಗ್ಲೋಬಿನ್, ಥೈರಾಯಿಡ್ ಪರೀಕ್ಷೆ ಮಾಡಿಸಿ, ರಕ್ತಹೀನತೆಯ ಸುಸ್ತೂ ಹೀಗೆಯೇ ಕಾಣುತ್ತದೆ. ತದ್ವಿರುದ್ಧವೂ ಉಂಟು. ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಹಾಸ್ಟೆಲಿನವನು ನಿದ್ದೆಯ ಪ್ರಶ್ನೆಗೆ 3 ಹಾಕಿದರೆ ಅದು ಖಿನ್ನತೆ ಆಗಿರಲೇಬೇಕೆಂದಿಲ್ಲ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆ ಕುರಿತದ್ದು. ಅಲ್ಲಿ 0 ಬಿಟ್ಟು ಬೇರೇನಿದ್ದರೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಕೂರಿಸಿಕೊಂಡು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಅಳು ಬಂದಾಗ ಮಾತು ಮನೆಮಾತಿಗೆ ಹೊರಳುತ್ತದೆ. ಅದು ಲಂಬಾಣಿ, ಮರಾಠಿ, ಉರ್ದು ಯಾವುದೇ ಇರಲಿ, ತಡೆಯಬೇಡಿ. ಹೇಳಿ ಮುಗಿಸಲಿ, ಆಮೇಲೆ ಅರ್ಥ ಕೇಳಿ. ಇನ್ನೊಂದು ಮಾತು ನಿಮಗೆ ಹಿಡಿಸದಿರಬಹುದು: ಇಂಟರ್ನಲ್ಸ್ ಅಂಕ ನಿಮ್ಮ ಕೈಯಲ್ಲಿದೆ. ನಿಮ್ಮದೇ ತರಗತಿಯ ಮಕ್ಕಳು ನಿಮ್ಮೆದುರು ಎಲ್ಲಕ್ಕೂ 'ಇಲ್ಲ' ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಹತ್ತಿರದ ಕಾಲೇಜಿನ ಮನಃಶಾಸ್ತ್ರ ಉಪನ್ಯಾಸಕರೊಂದಿಗೆ ದಿನ ಅದಲುಬದಲು ಮಾಡಿಕೊಳ್ಳಿ, ಅವರು ನಿಮ್ಮಲ್ಲಿಗೆ ಬರಲಿ, ನೀವು ಅಲ್ಲಿಗೆ ಹೋಗಿ.

ಪ್ರಶ್ನೆ: ನಾನು ಪರಿಶಿಷ್ಟ ಜಾತಿಗೆ ಸೇರಿದ ಎಂ.ಎಸ್‌ಸಿ ವಿದ್ಯಾರ್ಥಿ. ಲ್ಯಾಬಿನಲ್ಲಿ ಕೆಲವರು ನನ್ನನ್ನು 'ಕೋಟಾ' ಎಂದೇ ಕರೆಯುತ್ತಾರೆ. ಜಾತಿ ಹಿಡಿದೂ ಆಡಿದ್ದಾರೆ. ನಿದ್ದೆ ಕೆಟ್ಟು ಸಮಾಲೋಚಕರ ಬಳಿ ಹೋದರೆ 'ನೀನು ತುಂಬಾ ಸೂಕ್ಷ್ಮ, ತಲೆಗೆ ಹಚ್ಚಿಕೊಳ್ಳಬೇಡ, ಧ್ಯಾನ ಮಾಡು' ಎಂದರು. ಮತ್ತೆ ಹೋಗಬೇಕೇ?

ಉತ್ತರ: ಅವರ ಬಳಿಗೇ ಹೋಗಬೇಕಿಲ್ಲ. ಬೇರೆಯವರನ್ನು ಕೊಡಿ ಎಂದು ಕೇಳಬಹುದು, ಕಾರಣ ವಿವರಿಸುವ ಅಗತ್ಯವೂ ಇಲ್ಲ. ಅವರು ಮಾಡಿದ ತಪ್ಪು ಇದು: ಹೊರಗೆ ನಡೆಯುತ್ತಿರುವುದನ್ನು ನಿಮ್ಮ ಒಳಗಿನ ದೋಷವಾಗಿ ತಿರುಗಿಸಿದರು. ನಿಮ್ಮ ಕೈಯಲ್ಲಿ ಎರಡು ಕೆಲಸಗಳಿವೆ, ಎರಡನ್ನೂ ಬೆರೆಸಬೇಡಿ. ಕೆಟ್ಟ ನಿದ್ದೆ, ಕೂಡದ ಏಕಾಗ್ರತೆಗೆ ಸಮಾಲೋಚನೆ. ಅವರ ನಡತೆಗೆ ದೂರು. ದೂರಿನ ಜಾಗದಲ್ಲಿ ಸಮಾಲೋಚನೆ ಕೊಟ್ಟು ಕಳಿಸುವುದು ಕಾಲೇಜುಗಳಿಗೆ ಅನುಕೂಲ. ಅದಕ್ಕೆ ಒಪ್ಪಬೇಡಿ.

ಇಂದಿನಿಂದ ಒಂದು ಪುಸ್ತಕ ಇಡಿ. ತಾರೀಖು, ವೇಳೆ, ಜಾಗ, ಅವರಾಡಿದ ಮಾತು ಆಡಿದಂತೆಯೇ, ಎದುರಿಗಿದ್ದವರು ಯಾರು. ವಾಟ್ಸ್‌ಆ್ಯಪ್ ಸಂದೇಶವಿದ್ದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಟ್ಟುಕೊಳ್ಳಿ. ದೂರು ಬಿದ್ದುಹೋಗುವುದು ಹೆಚ್ಚಾಗಿ 'ಯಾವಾಗಲೂ ಹೀಗೇ ಮಾಡುತ್ತಾರೆ' ಎಂದು ಬರೆದಾಗ. ಮೂರು ತಾರೀಖು ಬರೆದ ಅರ್ಧ ಪುಟದ ದೂರಿಗೆ ಉತ್ತರ ಕೊಡದೆ ಅವರಿಗೆ ವಿಧಿಯಿಲ್ಲ.

ಕೊಡುವುದು ಎಲ್ಲಿ? ಉನ್ನತ ಶಿಕ್ಷಣದಲ್ಲಿ ಸಮಾನತೆ ಕುರಿತ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದು ಹೇಳಿವೆ. ಲಿಖಿತ ದೂರು ಅವರಿಗೆ, ಪ್ರತಿ ಪ್ರಾಂಶುಪಾಲರಿಗೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳಿಗೆ ಬಂದ 2016ರ ತಿದ್ದುಪಡಿಯ ನಂತರ ಜಾತಿ, ಧರ್ಮ, ಹುಟ್ಟಿದ ಊರು, ಆಡುವ ಭಾಷೆ, ಆರ್ಥಿಕ ಸ್ಥಿತಿ ಹಿಡಿದು ಪೀಡಿಸುವುದೂ ರ‍್ಯಾಗಿಂಗ್ ಎಂದೇ ಎಣಿಕೆ. ಅದಕ್ಕೆ 1800-180-5522 ದೂರವಾಣಿ ಇದೆ. ಜನರೆದುರು ಜಾತಿ ಹಿಡಿದು ನಿಂದಿಸಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ದೂರು ಕೊಡಬಹುದು. ಮೊದಲು ವಕೀಲರ ಸಲಹೆ ಬೇಕೆಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ.

ಇದನ್ನು ಓದುತ್ತಿರುವ ಸಮಾಲೋಚಕರಿಗೆ ಒಂದು ಮಾತು. ದೆಹಲಿಯ ವೈದ್ಯಕೀಯ ವಿದ್ಯಾಸಂಸ್ಥೆ ಏಮ್ಸ್‌ನಲ್ಲಿನ ತಾರತಮ್ಯದ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ಕಾಣುವುದು ಪ್ರಯೋಗಾಲಯ, ವೈವಾ, ಹಾಸ್ಟೆಲಿನ ಮಹಡಿ ಇಂಥ ದಿನನಿತ್ಯದ ಜಾಗಗಳೇ. 'ಸೂಕ್ಷ್ಮ' ಎನ್ನುವ ಮೊದಲು ಯಾವಾಗಿನಿಂದ, ಎಲ್ಲಿ, ಯಾರೆದುರು ಎಂದು ಮೂರು ಪ್ರಶ್ನೆ ಕೇಳಿ.

ಪ್ರಶ್ನೆ: ನನ್ನ ವಿದ್ಯಾರ್ಥಿಯೊಬ್ಬ ತಾನು ಗೇ ಎಂದು ನನ್ನಲ್ಲಿ ಹೇಳಿಕೊಂಡಿದ್ದ. ಈಗ ಮನೆಯವರಿಗೆ ತಿಳಿದು, ಕೌನ್ಸೆಲಿಂಗ್ ಮಾಡಿಸಿ ಸರಿಮಾಡಿಕೊಡಿ ಎಂದು ಕಾಲೇಜಿಗೆ ಬಂದಿದ್ದಾರೆ. ಏನು ಹೇಳಲಿ?
— ಉಪನ್ಯಾಸಕರು

ಉತ್ತರ: ಸರಿಮಾಡುವಂಥದ್ದು ಅವನಲ್ಲಿ ಏನೂ ಇಲ್ಲ, ಹಾಗೆ ಮಾಡಲು ಹೊರಡುವುದು ವೃತ್ತಿಗೆ ವಿರುದ್ಧ. ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಲೈಂಗಿಕ ಒಲವನ್ನು ಬದಲಿಸುವ 'ಚಿಕಿತ್ಸೆ'ಯ ವಿರುದ್ಧ ಮದ್ರಾಸ್ ಹೈಕೋರ್ಟ್ 2021ರಲ್ಲಿ ಆದೇಶ ಕೊಟ್ಟಿತು. ಅದರ ಬೆನ್ನಿಗೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ಆದರೆ ಬಂದ ತಂದೆತಾಯಿಗೆ ಇದನ್ನೇ ಓದಿ ಹೇಳಿ ಕಳಿಸಿದರೆ ಅವರು ನಿಮ್ಮಲ್ಲಿಗೆ ಮತ್ತೆ ಬರುವುದಿಲ್ಲ. ಮಂತ್ರವಾದಿಯ ಬಳಿಗೋ, ಅವಸರದ ಮದುವೆ ಮಾತುಕತೆಗೋ ಹೋಗುತ್ತಾರೆ. 'ಮಗನ ಬಗ್ಗೆ ನಿಮಗಾಗಿರುವ ಗಾಬರಿಯನ್ನು ಮಾತಾಡೋಣ' ಎಂದು ಅವರಿಗೇ ಬೇರೆ ದಿನ, ಬೇರೆ ಸಮಯ ಕೊಡಿ. ಮಗನನ್ನು ಜೊತೆಗೆ ಕೂರಿಸಬೇಡಿ.

ಅವನೊಡನೆ ಮಾತು ಬೇರೆ. ಮನೆಯಲ್ಲಿ ಹೊಡೆತ ಬಡಿತವಿದೆಯೇ, ಫೋನ್ ಕಿತ್ತುಕೊಂಡಿದ್ದಾರೆಯೇ, ಫೀಸು ನಿಲ್ಲಿಸುವ ಮಾತು ಬಂದಿದೆಯೇ, ಒಂದು ರಾತ್ರಿಗೆ ಹೋಗಲು ಜಾಗವಿದೆಯೇ? ಇವು ಮೊದಲು. ಅವನು ನಿಮಗೆ ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ, ಸದುದ್ದೇಶದಿಂದಲೂ, ಬಾಯಿಬಿಡಬೇಡಿ. ಕಾಲೇಜಿನಲ್ಲಿ ಲಿಂಗತ್ವ ಬದಲಿಸಿಕೊಂಡ ವಿದ್ಯಾರ್ಥಿಗಳಿದ್ದರೆ ಇನ್ನೊಂದು ಸಂಗತಿ: ದಾಖಲೆಯಲ್ಲಿ ಹೆಸರು ಬದಲಿಸಲು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆಯಂತೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕಾಗುತ್ತದೆ, ಅವರು ಹೇಳಿದ ಹೆಸರಿನಲ್ಲಿ ಕರೆಯಲು ಯಾವ ಪ್ರಮಾಣಪತ್ರವೂ ಬೇಡ.

ಪ್ರಶ್ನೆ: ಮಗನಿಗೆ ಡಿಸ್ಲೆಕ್ಸಿಯಾ. ಹತ್ತನೇ ತರಗತಿಯವರೆಗೆ ಹೆಚ್ಚುವರಿ ಸಮಯ ಸಿಗುತ್ತಿತ್ತು. ಡಿಗ್ರಿಯಲ್ಲಿ ಆತ್ಮವಿಶ್ವಾಸ ಬೆಳೆಸಿಕೊಳ್ಳಲಿ ಎಂದು ಸಮಾಲೋಚನೆಗೆ ಕಳಿಸುತ್ತಿದ್ದಾರೆ. ಅವನ ತರಗತಿಯ ಕಿವುಡ ಹುಡುಗಿಯನ್ನಂತೂ ಯಾರೂ ಮಾತಾಡಿಸುವುದೇ ಇಲ್ಲವಂತೆ.
— ತಾಯಿ, ಶಿವಮೊಗ್ಗ ಜಿಲ್ಲೆ

ಉತ್ತರ: ಆತ್ಮವಿಶ್ವಾಸ ಅಕ್ಷರಗಳನ್ನು ನೆಟ್ಟಗೆ ನಿಲ್ಲಿಸುವುದಿಲ್ಲ, ತಾಯಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಓದು ಬರಹಕ್ಕೆ ತೊಡಕಾಗುವ ಡಿಸ್ಲೆಕ್ಸಿಯಾ ಅದರಲ್ಲೇ ಸೇರುತ್ತದೆ. ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಇದ್ದರೆ ಜೋಡಿಸಿ, ಬರಹಗಾರರು ಮತ್ತು ಹೆಚ್ಚುವರಿ ಸಮಯ ಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಒಂದು ಪ್ರತಿ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ. ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಅಂಗವೈಕಲ್ಯ 40 ಶೇಕಡಾ ಇಲ್ಲವೆಂದು ಬರಹಗಾರರನ್ನು ನಿರಾಕರಿಸಿದರೆ, ಆ ಮಿತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿರುವುದನ್ನು ಅರ್ಜಿಯಲ್ಲಿ ಬರೆಯಿರಿ. ಅರ್ಜಿಯನ್ನು ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಕೊಡಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದವರಿಗೆ ಸಿಗುವ ಉತ್ತರ 'ಮುಂದಿನ ಸಲ ನೋಡೋಣ'.

ಸಮಾಲೋಚನೆಗೂ ಅವನು ಹೋಗಲಿ, ಬೇಕೆನಿಸಿದರೆ. ಆದರೆ ಅರ್ಜಿಯ ಬದಲಿಗಲ್ಲ.

ಆ ಹುಡುಗಿಯ ವಿಷಯ ಕಾಲೇಜಿನವರು ಓದಲೆಂದು ಬರೆಯುತ್ತೇವೆ. ಗೆಳತಿಯನ್ನೋ ತಂಗಿಯನ್ನೋ ಸಂಜ್ಞಾ ಭಾಷೆಯ ದುಭಾಷಿಯಾಗಿ ಕೂರಿಸಬಾರದು. ಹೇಳಬೇಕಾದದ್ದು ಅವರ ಬಗ್ಗೆಯೇ ಇರಬಹುದು! ತರಬೇತಾದ ದುಭಾಷಿ ಸಿಗದಿದ್ದರೆ ಎದುರುಬದುರು ಎರಡು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಮಾತಾಡಿ, 45 ನಿಮಿಷದ ಬದಲು 75 ನಿಮಿಷ ಇಟ್ಟುಕೊಳ್ಳಿ. ಬೆಳಕು ಸಮಾಲೋಚಕರ ಮುಖದ ಮೇಲೆ ಬೀಳಬೇಕು. ಕಿಟಕಿ ಬೆನ್ನ ಹಿಂದಿದ್ದರೆ ತುಟಿ ಕಾಣುವುದಿಲ್ಲ. ಸಂಜ್ಞೆಯೇ ಮೊದಲ ಭಾಷೆಯಾದವರ ಬರಹದಲ್ಲಿ ವಿಭಕ್ತಿ ಬಿಟ್ಟಿರಬಹುದು, ಬುದ್ಧಿಯನ್ನು ಅದರಿಂದ ಅಳೆಯಬೇಡಿ. ಕಣ್ಣು ಕಾಣದವರಿಗೆ ಒಪ್ಪಿಗೆ ಪತ್ರವನ್ನು ಮೊದಲೇ ಯೂನಿಕೋಡಿನಲ್ಲಿ ಕಳಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಸ್ಕ್ರೀನ್ ರೀಡರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತದೆ, ಕೊನೆಗೆ ಅಟೆಂಡರ್ ಗಟ್ಟಿಯಾಗಿ ಓದಿ ಹೇಳುವ ಪಾಡು ಬರುತ್ತದೆ.

ಪ್ರಶ್ನೆ: ನಮ್ಮ ಸಮಾಲೋಚನಾ ಕೋಣೆಯಲ್ಲಿ ದೇವರ ಪಟ ಇದ್ದರೆ ತಪ್ಪೇ?

ಉತ್ತರ: ಅಪರಾಧವಲ್ಲ, ಆದರೆ ತೆಗೆದರೆ ಒಳ್ಳೆಯದು. ಗೋಡೆಯ ಮೇಲೆ ನಿಮ್ಮ ದೇವರಿದ್ದರೆ ಬೇರೆ ದೇವರ ಹುಡುಗಿ, ದೇವರೇ ಬೇಡವೆನ್ನುವ ಹುಡುಗ, ಬೇರೆ ಧರ್ಮದವರನ್ನು ಪ್ರೀತಿಸಿದವರು ಮಾತನ್ನು ಅಳೆದು ಆಡುತ್ತಾರೆ. ವ್ರತ, ಪೂಜೆ, ಜಪವನ್ನು ಪರಿಹಾರವಾಗಿ ಸೂಚಿಸುವುದು ಬೇಡ. ವಿದ್ಯಾರ್ಥಿಯೇ 'ನಮಾಜ್ ಮಾಡಿದರೆ ಸಮಾಧಾನ', 'ಮಠಕ್ಕೆ ಹೋಗಿ ಬಂದರೆ ಹಗುರ' ಎಂದರೆ ಅದನ್ನು ತಳ್ಳಿಹಾಕುವುದೂ ಬೇಡ. ಪಟದ ಜಾಗಕ್ಕೆ ಗಡಿಯಾರ ತೂಗುಹಾಕಿ. ವಿದ್ಯಾರ್ಥಿಗೆ ಕಾಣದ ಗೋಡೆಗೆ, ನಿಮಗೆ ಮಾತ್ರ ಕಾಣುವಂತೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಫೋನಿನಲ್ಲಿ ಬರೀ ಅಳು. ಕಾಲೇಜಿನ ಕೌನ್ಸೆಲಿಂಗ್ ಸೆಂಟರಿಗೆ ಹೋದರೆ ವೀಸಾಗೆ ತೊಂದರೆಯಾಗುತ್ತದೆ ಎಂದು ಹೆದರುತ್ತಾಳೆ.
— ತಂದೆ, ಮೈಸೂರು

ಉತ್ತರ: ಸಮಾಲೋಚನೆಗೆ ಹೋದ ಸುದ್ದಿಯನ್ನು ಅಲ್ಲಿನ ವಲಸೆ ಇಲಾಖೆಗೆ ವರದಿ ಮಾಡುವ ಪದ್ಧತಿ ಇಲ್ಲ. ವೀಸಾಗೆ ನಿಜವಾದ ತೊಂದರೆ ಬರುವುದು ಇನ್ನೊಂದು ಕಡೆಯಿಂದ. ಓದಲಾಗದೆ ಯಾರಿಗೂ ಹೇಳದೆ ಕೋರ್ಸುಗಳನ್ನು ಬಿಟ್ಟರೆ ವಿದ್ಯಾರ್ಥಿ ವೀಸಾದ (ಎಫ್-1) ಸ್ಥಾನಮಾನವೇ ಹೋಗುತ್ತದೆ. ಅದಕ್ಕೆ ದಾರಿ ಇದೆ. ಪರವಾನಗಿ ಇರುವ ವೈದ್ಯರು ಅಥವಾ ಮನಃಶಾಸ್ತ್ರಜ್ಞರ ಪತ್ರವಿದ್ದರೆ ಆರೋಗ್ಯದ ಕಾರಣಕ್ಕೆ ಕಡಿಮೆ ಕೋರ್ಸು ತೆಗೆದುಕೊಳ್ಳಲು, ಅಗತ್ಯ ಬಿದ್ದರೆ ಒಂದೂ ತೆಗೆದುಕೊಳ್ಳದಿರಲು, ಅವಕಾಶವಿದೆ. ಒಂದು ಪದವಿಯ ಮಟ್ಟದಲ್ಲಿ ಎಲ್ಲ ಸೇರಿ 12 ತಿಂಗಳು ಮೀರಬಾರದು. ಕೋರ್ಸು ಕೈಬಿಡುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿ ಒಪ್ಪಿಗೆ ಕೊಟ್ಟಿರಬೇಕು. ಬಿಟ್ಟ ಮೇಲೆ ಕೇಳಿದರೆ ಕೈಮೀರಿರುತ್ತದೆ.

ಸೆಂಟರಿಗೆ ಫೋನ್ ಮಾಡುವಾಗ ಅವಳು ನಾಲ್ಕು ವಿಷಯ ಕೇಳಲಿ: ಒಬ್ಬರಿಗೆ ಎಷ್ಟು ಸಲ ಕೊಡುತ್ತಾರೆ, ಅದು ಮುಗಿದರೆ ಮುಂದೆ ಎಲ್ಲಿಗೆ, ವಿದ್ಯಾರ್ಥಿ ವಿಮೆ ಅದನ್ನು ಭರಿಸುತ್ತದೆಯೇ, ದಕ್ಷಿಣ ಏಷ್ಯಾದ ಮನೆಗಳ ರೀತಿ ತಿಳಿದ ಸಮಾಲೋಚಕರಿದ್ದಾರೆಯೇ. ಕೊನೆಯದನ್ನು ಕೇಳಲು ಸಂಕೋಚ ಬೇಡ. 'ಅಪ್ಪ ಸಾಲ ಮಾಡಿ ಕಳಿಸಿದ್ದಾರೆ' ಎಂಬ ಮಾತಿನ ಭಾರ ಅರ್ಥವಾಗದ ಸಮಾಲೋಚಕರು 'ನಿನ್ನ ಬದುಕು ನಿನ್ನದು, ಮನೆಗೆ ಇಲ್ಲ ಎಂದುಬಿಡು' ಎಂದು ಸಲಹೆ ಕೊಟ್ಟರೆ ಅವಳು ಎರಡನೆಯ ಸಲ ಹೋಗುವುದಿಲ್ಲ. ಅಲ್ಲಿ ಪರವಾನಗಿ ರಾಜ್ಯವಾರು ಇರುತ್ತದೆ. ರಜೆಗೆ ಬೇರೆ ರಾಜ್ಯಕ್ಕೋ ಊರಿಗೋ ಬಂದರೆ ಅದೇ ಸಮಾಲೋಚಕರು ವಿಡಿಯೊದಲ್ಲಿ ಸಿಗದಿರಬಹುದು, ಮೊದಲೇ ವಿಚಾರಿಸಿಕೊಳ್ಳಲಿ.

ನೀವು ಸೆಂಟರಿಗೆ ಫೋನ್ ಮಾಡಿದರೆ ಅವಳು ಅಲ್ಲಿಗೆ ಬರುತ್ತಾಳೋ ಇಲ್ಲವೋ ಎಂಬುದನ್ನೂ ಅವರು ಹೇಳುವುದಿಲ್ಲ. 18 ದಾಟಿದವರ ಲಿಖಿತ ಒಪ್ಪಿಗೆ ಬೇಕು. ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಬಹುದು. ಪ್ರಾಣದ ಆತಂಕ ಕಂಡ ಕ್ಷಣ ಅವಳು ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಲಿ, ಇಲ್ಲವೇ ಅದೇ ಸಂಖ್ಯೆಗೆ ಸಂದೇಶ ಕಳಿಸಲಿ. ಹಗಲು ರಾತ್ರಿ ಇರುತ್ತದೆ.

ಪ್ರಶ್ನೆ: ನನಗೆ 17, ಮೊದಲ ವರ್ಷದ ಬಿ.ಕಾಂ. ಕಾಲೇಜ್ ಮೇಡಂ ಹತ್ರ ಹೇಳಿದ್ರೆ ಮನೆಗೆ ಹೇಳ್ತಾರಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಓದು, ಸ್ನೇಹ, ಮನೆಯಲ್ಲಿನ ಜಗಳ, ಭಯ, ಅಳು ಇವನ್ನು ನಿನ್ನನ್ನು ಕೇಳದೆ ಯಾರಿಗೂ ಹೇಳಬಾರದು. ಆದರೆ ಕೆಲವು ಸಂಗತಿಗಳನ್ನು ಅವರು ಒಳಗೇ ಇಟ್ಟುಕೊಳ್ಳುವಂತಿಲ್ಲ. ನಿನ್ನ ಪ್ರಾಣಕ್ಕೋ ಬೇರೆಯವರ ಪ್ರಾಣಕ್ಕೋ ಅಪಾಯವಿದ್ದರೆ ಅಗತ್ಯವಿರುವಷ್ಟನ್ನು, ಅಗತ್ಯವಿರುವವರಿಗೆ ಹೇಳುತ್ತಾರೆ. ನಿನಗಿನ್ನೂ 18 ಆಗಿಲ್ಲವಾದ್ದರಿಂದ, ಯಾರಾದರೂ ನಿನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಅವರ ಮೇಲಿನ ಕರ್ತವ್ಯ. ಮನೋವೈದ್ಯರ ಚಿಕಿತ್ಸೆ ಬೇಕಾದರೂ ಮನೆಯ ಹಿರಿಯರು ಬೇಕಾಗುತ್ತಾರೆ. ಅದು ಅಪ್ಪನೇ ಆಗಬೇಕೋ, ನೀನು ನಂಬುವ ಅತ್ತೆಯೋ ಚಿಕ್ಕಮ್ಮನೋ ಮೊದಲು ಬರಬಹುದೋ ಎಂದು ಮೇಡಂ ಜೊತೆ ಮಾತಾಡಿಕೊಳ್ಳಬಹುದು.

ಒಳಗೆ ಹೋದ ಕೂಡಲೇ ನಿನ್ನ ವಿಷಯ ತೆಗೆಯಬೇಡ. ಮೊದಲು 'ಮೇಡಂ, ನಾನು ಹೇಳೋದು ಯಾರ್‍ಯಾರಿಗೆ ಗೊತ್ತಾಗತ್ತೆ? ಎಲ್ಲಿ ಬರೆದಿಡ್ತೀರ?' ಎಂದು ಕೇಳು. ಒಳ್ಳೆಯ ಸಮಾಲೋಚಕಿ ಎರಡು ನಿಮಿಷದಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ. ತಡವರಿಸಿದರೆ, ಇಲ್ಲವೇ 'ಅದೆಲ್ಲ ಯಾಕೆ' ಎಂದರೆ, ಅವತ್ತು ಓದಿನ ಬಗ್ಗೆ ಎರಡು ಮಾತಾಡಿ ಎದ್ದು ಬಾ. ಆಮೇಲೆ 14416ಕ್ಕೆ ಕರೆ ಮಾಡು. ಅದು ಟೆಲಿ-ಮಾನಸ್, ಸರ್ಕಾರದ್ದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಮನೆಯ ಫೋನಿನಿಂದ ಮಾಡಿದರೆ ಕರೆಗಳ ಪಟ್ಟಿಯಲ್ಲಿ ಸಂಖ್ಯೆ ಉಳಿಯುತ್ತದೆ, ಅದನ್ನು ನೆನಪಿಟ್ಟುಕೋ.